ಶೀಟಲ್ಲಿ ಉಳಿದ 12 ಮಾತ್ರೆ: ಮನೇಲಿ ಕೀಮೋ ಮಾತ್ರೆ ಕೊಡ್ತಿರೋ ಸೊಸೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ ನಮಸ್ತೆ, ನಮ್ದು ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ, ರೇಷ್ಮೆ ಸಾಕ್ತೀವಿ. ಮನೇಲಿ ಅತ್ತೆ, ನಾನು, ಯಜಮಾನ್ರು, 3 ವರ್ಷದ ಮಗು. ಅತ್ತೆಗೆ 58 ವರ್ಷ, ದೊಡ್ಡ ಕರುಳಲ್ಲಿ ಗಡ್ಡೆ ಇತ್ತು, ಬೆಂಗಳೂರಲ್ಲಿ ಆಪರೇಷನ್ ಆಯ್ತು. ಈಗ ಮೂರು ವಾರಕ್ಕೊಂದು ಸಲ ಡ್ರಿಪ್ ಹಾಕ್ತಾರೆ, ಜೊತೆಗೆ ಮನೇಲಿ ಕ್ಯಾಪೆಸಿಟಬಿನ್ 500 ಎಂಜಿ ಬೆಳಿಗ್ಗೆ 3 ರಾತ್ರಿ 3, 14 ದಿನ ತಗೊಂಡು 7 ದಿನ ಬಿಡಿ ಅಂದಿದಾರೆ. ಇದು ಮೊದಲ್ನೇ ಸುತ್ತು. ನಾನೀಗ 4 ತಿಂಗಳ ಗರ್ಭಿಣಿ. ಪಕ್ಕದ್ಮನೆಯವ್ರು ಅದು ವಿಷದ ಮಾತ್ರೆ ನೀನು ಮುಟ್ಬೇಡ, ಅವ್ರ ತಟ್ಟೆ ಲೋಟ ಬೇರೆ ಇಡು, ಮಗೂನ ಅಜ್ಜಿ ಪಕ್ಕ ಮಲಗಿಸ್ಬೇಡ ಅಂತಾರೆ, ಆದ್ರೆ ಕಕ್ಕಸ್ಸು ಎಲ್ರಿಗೂ ಒಂದೇ ಇರೋದು. ಮಾತ್ರೆ ಗಂಟಲಲ್ಲಿ ಸಿಕ್ಕತ್ತೆ ಅಂದ್ರು ಅಂತ ನಾಲ್ಕು ದಿನ ನಾನೇ ಕುಟ್ಟಿ ಪುಡಿ ಮಾಡಿ ರಾಗಿ ಗಂಜೀಲಿ ಕಲಸಿ ಕೊಟ್ಟೆ, ಆಮೇಲೆ ಕಹಿ ಅಂತ ಅವ್ರೇ ಬೇಡ ಅಂದ್ರು. ಅತ್ತೆಗೆ ರಕ್ತ ಕಮ್ಮಿ ಇದೆ ಅಂದಿದ್ರು, ಅದಕ್ಕೆ ಆಶಾ ಅಕ್ಕ ನಂಗೆ ಕೊಟ್ಟಿರೋ ಕೆಂಪು ಮಾತ್ರೇಲಿ ದಿನಕ್ಕೊಂದು ಅವ್ರಿಗೂ ಕೊಡ್ತಿದೀನಿ. ಶನಿವಾರ ಅತ್ತೆ ಒಪ್ಪೊತ್ತು, ರಾತ್ರಿ ಊಟ ಇಲ್ಲ, ಅವತ್ತು ರಾತ್ರಿ ಮಾತ್ರೆ ಕೊಟ್ಟಿಲ್ಲ. ಇವತ್ತಿಗೆ 14 ದಿನ ಮುಗೀತು, ಆದ್ರೆ ಶೀಟಲ್ಲಿ 12 ಮಾತ್ರೆ ಉಳಿದಿದೆ. ದುಡ್ಡು ಕೊಟ್ಟು ತಂದಿದ್ದು, ಎರಡು ದಿನ ಜಾಸ್ತಿ ಕೊಟ್ಟು ಖಾಲಿ ಮಾಡ್ಲಾ? ಹಾಂ ಇನ್ನೊಂದು, ಮೂರು ದಿನದಿಂದ ಅತ್ತೆಗೆ ಭೇದಿ, ದಿನಕ್ಕೆ ಐದಾರು ಸಲ ಹೋಗ್ತಾರೆ, ರಾತ್ರಿನೂ ಏಳ್ತಾರೆ, ಹಲಸಿನ ಹಣ್ಣು ತಿಂದಿದ್ದಕ್ಕೆ ಅಂತಾರೆ.

ಉತ್ತರ: ಈ ಉತ್ತರ ಬರೆಯೋಕೆ ಮುಂಚೆನೇ ನಿಮಗೆ ಫೋನ್ ಮಾಡಿ ಹೇಳಿದೀನಿ, ಮಾತ್ರೆ ಇನ್ನು ಒಂದೂ ಕೊಡ್ಬೇಡಿ, ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ ಅಂತ. ಅವತ್ತೇ ಹೋದ್ರಿ, ರಕ್ತ ಟೆಸ್ಟ್ ಆಯ್ತು, ಸಲೈನ್ ಹಾಕಿದ್ರು, ಅತ್ತೆ ಈಗ ಸುಧಾರಿಸಿಕೊಳ್ತಿದಾರೆ ಅಂತ ಕೇಳಿ ಸಮಾಧಾನ ಆಯ್ತು. ಆದ್ರೂ ನಿಮ್ಮ ಪ್ರಶ್ನೆ ಪೂರ್ತಿ ಇಲ್ಲಿ ಹಾಕೋಕೆ ಕಾರಣ ಇದೆ. ನೀವು ಬರೆದಿರೋದನ್ನ ಇನ್ನೊಂದ್ಸಲ ಓದಿ ನೋಡಿ, ಮುಕ್ಕಾಲು ಭಾಗ ಮುಟ್ಟೋದು, ತಟ್ಟೆ, ಲೋಟ, ಕಕ್ಕಸ್ಸು. ಭೇದಿ ವಿಷಯ ಕೊನೇ ಸಾಲಲ್ಲಿ, ಅದೂ "ಹಾಂ ಇನ್ನೊಂದು" ಅಂತ. ನಾನು ಕೀಮೋ, ಅಂದ್ರೆ ಕ್ಯಾನ್ಸರ್ ಔಷಧಿ ಕೊಡೋ ವಾರ್ಡಲ್ಲಿ ಫಾರ್ಮಸಿಸ್ಟ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದೀನಿ, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬರೋ ಮನೆಯವ್ರ ಹತ್ರ ದಿನಾ ಕೂತು ಮಾತಾಡಿದೀನಿ, ಹೆಚ್ಚುಕಮ್ಮಿ ಎಲ್ಲಾ ಮನೇಲೂ ಹಿಂಗೇ. ಹೆದರಿಕೆ ಒಂದು ಬಾಗಿಲಲ್ಲಿ ಕಾವಲು ಕೂತಿರುತ್ತೆ, ಅಪಾಯ ಹಿತ್ತಲ ಬಾಗಿಲಿಂದ ಒಳಗೆ ಬಂದಿರುತ್ತೆ.

ಮೊದಲು ಈ ಮಾತ್ರೆ ಏನು ಅಂತ ಹೇಳ್ತೀನಿ, ಆಗ ಮಿಕ್ಕಿದ್ದು ತಾನಾಗೇ ಅರ್ಥ ಆಗುತ್ತೆ. ಫೈವ್ ಎಫ್‌ಯು ಅಂತ ಒಂದು ಕೀಮೋ ಔಷಧಿ ಇದೆ, 1957ರಿಂದ ಇರೋ ಹಳೇದು, ಅದನ್ನ ರಕ್ತನಾಳದಲ್ಲೇ ಕೊಡ್ಬೇಕು. ಕ್ಯಾಪೆಸಿಟಬಿನ್ ಅಂದ್ರೆ ಅದನ್ನೇ ಮಾತ್ರೆ ರೂಪಕ್ಕೆ ತಂದಿದ್ದು, ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ತು. ನುಂಗಿದಾಗ ಅದಿನ್ನೂ ಕೀಮೋ ಆಗಿರಲ್ಲ, ಲಿವರಲ್ಲಿ ಎರಡು ಹಂತ ದಾಟಿ, ಕೊನೇ ಹಂತದಲ್ಲಿ ಗಡ್ಡೆಯ ಜೀವಕೋಶದಲ್ಲಿ ಜಾಸ್ತಿ ಇರೋ ಒಂದು ಕಿಣ್ವದಿಂದ ಫೈವ್ ಎಫ್‌ಯು ಆಗಿ ಬದಲಾಗುತ್ತೆ. ಗಡ್ಡೇಲಿ ಜಾಸ್ತಿ ಅಂದ್ರೆ ಬೇರೆ ಕಡೆ ಇಲ್ಲ ಅಂತಲ್ಲ. ಬೇಗ ಬೇಗ ಹುಟ್ಟೋ ಜೀವಕೋಶ ಎಲ್ಲೆಲ್ಲಿದೆಯೋ, ಕರುಳಿನ ಒಳಪದರ, ಬಾಯಿ, ಅಂಗೈ ಅಂಗಾಲಿನ ಚರ್ಮ, ಮೂಳೆಯೊಳಗಿನ ರಕ್ತ ಹುಟ್ಟೋ ಜಾಗ, ಅಲ್ಲೆಲ್ಲ ಇದರ ಏಟು ಬೀಳುತ್ತೆ. ಹಂಗಾಗಿ "ಮಾತ್ರೆ ತಾನೆ, ಡ್ರಿಪ್ಪಷ್ಟು ಸ್ಟ್ರಾಂಗ್ ಇರಲ್ಲ" ಅನ್ನೋದು ಸುಳ್ಳು. ಡ್ರಿಪ್ ಹಾಕುವಾಗ ಪಕ್ಕದಲ್ಲಿ ನರ್ಸ್ ಇರ್ತಾರೆ, ಮನೇಲಿ ಆ ನರ್ಸು, ಫಾರ್ಮಸಿಸ್ಟು ಎಲ್ಲಾ ನೀವೇ, ವ್ಯತ್ಯಾಸ ಅಷ್ಟೇ.

ಈಗ ಆ 12 ಮಾತ್ರೆ ಲೆಕ್ಕಕ್ಕೆ ಬರೋಣ. ದಿನಕ್ಕೆ 6, ಹದಿನಾಲ್ಕು ದಿನಕ್ಕೆ 84. ಒಂದು ಶೀಟಲ್ಲಿ 10 ಇರುತ್ತೆ, 84ನ ಹತ್ತರ ಶೀಟಲ್ಲಿ ಕೊಡೋಕಾಗಲ್ಲ, ಅದಕ್ಕೆ 9 ಶೀಟ್, ಅಂದ್ರೆ 90 ಕೊಟ್ಟಿದಾರೆ. ಹಂಗಾಗಿ 6 ಉಳಿಯೋದು ಸಹಜ, ಅದು ಅಂಗಡಿ ಲೆಕ್ಕ, ಡಾಕ್ಟರ್ ಲೆಕ್ಕ ಅಲ್ಲ. ಇನ್ನು 6 ಎಲ್ಲಿಂದ ಬಂತು ಅಂದ್ರೆ ಎರಡು ಶನಿವಾರ ರಾತ್ರಿ ತಪ್ಪಿದ್ದು. ಮಾತ್ರೆ ಶೀಟ್ ಹಿಡ್ಕೊಂಡು ಬಂದು ಟೇಬಲ್ ಮೇಲೆ ಇಟ್ರೆ ಆ ಮನೇಲಿ ಎರಡು ವಾರ ಏನು ನಡೀತು ಅಂತ ಅರ್ಧ ಗೊತ್ತಾಗುತ್ತೆ ನೋಡಿ, ಅದಕ್ಕೇ ಖಾಲಿ ಶೀಟೂ ಬಿಸಾಕ್ಬೇಡಿ ಅಂತ ಹೇಳೋದು.

ಆ ಉಳಿದ ಆರನ್ನ "ವೇಸ್ಟ್ ಯಾಕೆ" ಅಂತ 15ನೇ ದಿನ ನುಂಗ್ಸಿರೋ ಮನೆಗಳು ನಂಗೆ ಎಷ್ಟೋ ಗೊತ್ತು. ಈ 7 ದಿನದ ಬಿಡುವು ಇದೆಯಲ್ಲ ಅದು ರಜ ಅಲ್ಲ, ಕರುಳು, ರಕ್ತ, ಚರ್ಮ ಮತ್ತೆ ಚಿಗುರೋಕೆ ಕೊಟ್ಟ ಟೈಮು. ಅದರೊಳಗೆ ಮಾತ್ರೆ ತಳ್ಳಿದ್ರೆ ಮುಂದಿನ ಸುತ್ತಿಗೆ ದೇಹ ರೆಡಿ ಇರಲ್ಲ. ಹಂಗೇ ತಪ್ಪಿದ ಹೊತ್ತನ್ನ ಆಮೇಲೆ ಸೇರಿಸಿ ಕೊಡೋದೂ ಇಲ್ಲ, ತಪ್ಪಿದ್ದು ತಪ್ಪಿಹೋಯ್ತು, ಮುಂದಿನ ಹೊತ್ತಿಗೆ ಮೂರೇ, ಆರಲ್ಲ. ನುಂಗಿದ ಮೇಲೆ ವಾಂತಿ ಆದ್ರೂ ಅಷ್ಟೇ, ಮತ್ತೆ ಕೊಡ್ಬಾರ್ದು, ಎಷ್ಟು ಒಳಗೆ ಹೋಗಿದೆ ಅಂತ ಯಾರಿಗೂ ಗೊತ್ತಾಗಲ್ಲ. ಇನ್ನೊಂದು ಸಣ್ಣ ಗೊಂದಲ ಇದೆ, ಕೆಲವ್ರಿಗೆ ಡ್ರಿಪ್ ಹಾಕಿದ ದಿನ ರಾತ್ರಿಯಿಂದ ಮಾತ್ರೆ ಶುರು ಮಾಡಿಸ್ತಾರೆ, ಆಗ ಅದು ಮುಗಿಯೋದು 15ನೇ ದಿನ ಬೆಳಿಗ್ಗೆ. ಹಂಗಾಗಿ ದಿನ ಎಣಿಸೋಕಿಂತ ಹೊತ್ತು ಎಣಿಸಿ, 28 ಹೊತ್ತು. ಗೋಡೆ ಕ್ಯಾಲೆಂಡರಲ್ಲಿ ದಿನದ ಚೌಕದ ಮೇಲೆ ಬೆಳಿಗ್ಗೆಗೊಂದು ಗೀಟು, ರಾತ್ರಿಗೊಂದು ಗೀಟು, ಬಿಡೋ ಏಳು ದಿನಕ್ಕೆ ಕೆಂಪು ಪೆನ್ನಲ್ಲಿ ಅಡ್ಡಗೆರೆ. ಮೊಬೈಲ್ ಅಲಾರಂಗಿಂತ ಇದೇ ವಾಸಿ ಅಂತ ನನ್ನ ಅನುಭವ, ಯಾಕಂದ್ರೆ ಮನೇಲಿರೋ ಎಲ್ರಿಗೂ ಕಾಣುತ್ತೆ.

ಒಪ್ಪೊತ್ತಿನ ವಿಷಯ. ಈ ಮಾತ್ರೆ ಊಟ ಆಗಿ ಅರ್ಧ ಗಂಟೆ ಒಳಗೆ ನೀರಿನ ಜೊತೆ ತಗೋಬೇಕು, ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆ ಇರ್ಬೇಕು, ಬೆಳಿಗ್ಗೆ ಎಂಟೂವರೆ ಅಂದ್ರೆ ರಾತ್ರಿ ಎಂಟೂವರೆ. ಅತ್ತೆ ವ್ರತ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ಅವ್ರು ಬಿಡಲ್ಲ. ಶನಿವಾರ ರಾತ್ರಿ ಫಲಾಹಾರ ಅಂತ ಅವಲಕ್ಕಿನೋ ಉಪ್ಪಿಟ್ಟೋ ಹೊಟ್ಟೆಗೆ ಬಿದ್ರೆ ಸಾಕು, ಮುದ್ದೆನೇ ಆಗ್ಬೇಕು ಅಂತಿಲ್ಲ. ಮಾತ್ರೆ ಇರೋ ಎರಡು ವಾರ ಹಿಂಗೆ, ಬಿಡೋ ವಾರದ ಶನಿವಾರ ಅವ್ರಿಷ್ಟ.

ಈಗ ಕೆಂಪು ಮಾತ್ರೆ. ಇದನ್ನ ಓದಿದಾಗ ನಾನು ಕುರ್ಚೀಲಿ ನೆಟ್ಟಗೆ ಕೂತೆ. ಗರ್ಭಿಣಿಯರಿಗೆ ಸರ್ಕಾರದಿಂದ ಬರೋ ಆ ಮಾತ್ರೇಲಿ 60 ಎಂಜಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತೆ. ನಿಮಗೂ ಮಗೂಗೂ ಅದು ಬೇಕೇ ಬೇಕು, ಒಂದಿನಾನೂ ತಪ್ಪಿಸ್ಬೇಡಿ. ಆದ್ರೆ ಅತ್ತೆಗೆ ಅದು ತಿರುಗಿಬೀಳುತ್ತೆ. ಫೈವ್ ಎಫ್‌ಯು ಏನ್ಮಾಡುತ್ತೆ ಅಂದ್ರೆ ಜೀವಕೋಶ ಡಿಎನ್‌ಎ ಕಟ್ಟೋ ಒಂದು ಬಾಗಿಲಿಗೆ ಬೀಗ ಜಡಿಯುತ್ತೆ, ಫೋಲೇಟ್ ಅನ್ನೋದು (ಫೋಲಿಕ್ ಆಸಿಡ್ ಇದೇ ಜಾತಿಯದು) ಆ ಬೀಗದ ಮೇಲೆ ಇನ್ನೊಂದು ಚಿಲಕ ಹಾಕಿದಂಗೆ. ಡ್ರಿಪ್‌ನಲ್ಲಿ ಫೈವ್ ಎಫ್‌ಯು ಕೊಡುವಾಗ ಡಾಕ್ಟರೇ ಬೇಕಂತ್ಲೇ ಲ್ಯೂಕೊವೊರಿನ್ ಅಂತ ಒಂದು ಫೋಲೇಟ್ ಜೊತೆಗೆ ಹಾಕ್ತಾರೆ, ಆದ್ರೆ ಅದಕ್ಕೆ ತಕ್ಕಂಗೆ ಡೋಸ್ ಲೆಕ್ಕ ಹಾಕಿರ್ತಾರೆ. ಲೆಕ್ಕ ಇಲ್ದೆ ಮನೇಲಿ ಸೇರಿದ್ರೆ ಕೀಮೋ ಏಟು ಜಾಸ್ತಿ ಆಗುತ್ತೆ, ಮೊದಲು ಕಾಣೋದು ಭೇದಿ, ಬಾಯಿಹುಣ್ಣು. ಅತ್ತೆಯ ಭೇದಿಗೆ ಇದೇ ಕಾರಣ ಅಂತ ನಾನು ಸರ್ಟಿಫಿಕೇಟ್ ಕೊಡಲ್ಲ, ಕ್ಯಾಪೆಸಿಟಬಿನ್ ಒಂದೇ ಸಾಕು ಭೇದಿ ತರೋಕೆ, ಆದ್ರೆ ಡಾಕ್ಟರಿಗೆ ಇದನ್ನ ಮುಚ್ಚಿಡ್ಬೇಡಿ. ನೀವು ಮಾಡಿದ್ದು ಪ್ರೀತಿಯಿಂದ, ಯಾರೂ ಬೈಯಲ್ಲ.

ಕೆಲವ್ರು ಕೇಳ್ತಾರೆ, ನಮ್ಮ ಚಿಕ್ಕಮ್ಮಂಗೆ ಕೀಲುನೋವಿಗೆ ಮೆಥೊಟ್ರೆಕ್ಸೇಟ್ ಕೊಟ್ಟು ಅದರ ಜೊತೆ ಫೋಲಿಕ್ ಆಸಿಡ್ ಬರೆದುಕೊಟ್ಟಿದಾರಲ್ಲ ಅಂತ. ಅದು ಬೇರೆ ಔಷಧಿ, ಅಲ್ಲಿ ಫೋಲಿಕ್ ಆಸಿಡ್ ಕಾಪಾಡುತ್ತೆ, ಇಲ್ಲಿ ಉಲ್ಟಾ. ಅಂದಹಾಗೆ ಕೀಲುನೋವಿಗೆ ಕೊಡೋ ಆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಅದನ್ನ ದಿನಾ ನುಂಗಿ ಐಸಿಯು ಸೇರಿದವ್ರೂ ಇದಾರೆ. ಒಬ್ಬರ ಮಾತ್ರೆ ಲೆಕ್ಕ ಇನ್ನೊಬ್ಬರಿಗೆ ಹಾಕೋಹಂಗೇ ಇಲ್ಲ. ಊಟದಲ್ಲಿರೋ ಸೊಪ್ಪು ಬೇಳೆಗೂ ಇದಕ್ಕೂ ಸಂಬಂಧ ಕಲ್ಪಿಸ್ಕೋಬೇಡಿ, ಹೊಟ್ಟೆ ಸರಿ ಇದ್ದಾಗ ಬಸ್ಸಾರು, ಉಪ್ಸಾರು, ಮುದ್ದೆ ಎಲ್ಲಾ ಉಣ್ಬಹುದು. ಶಕ್ತಿಗೆ ಅಂತ ಮೆಡಿಕಲ್ ಸ್ಟೋರಲ್ಲಿ ಕೊಡೋ ಮಲ್ಟಿವಿಟಮಿನ್ ಮಾತ್ರ ಕೇಳ್ದೆ ಕೊಡ್ಬೇಡಿ, ಅದರಲ್ಲೂ ಫೋಲಿಕ್ ಆಸಿಡ್ ಇರುತ್ತೆ. ರಕ್ತ ತೆಳು ಮಾಡೋ ವಾರ್ಫರಿನ್, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಯೂರಿಕ್ ಆಸಿಡ್‌ಗೆ ಕೊಡೋ ಅಲೊಪ್ಯೂರಿನಾಲ್, ಇವೂ ಇದರ ಜೊತೆ ಜಗಳ ಆಡ್ತವೆ. ನಾಟಿ ಔಷಧಿ ತಗೊಳ್ತಿದ್ರೆ ಅದನ್ನೂ ಹೇಳಿ. ಚಕ್ಕೋತ ತಿನ್ಬಾರ್ದಂತೆ ಹೌದಾ ಅಂತ ದೇವನಹಳ್ಳಿ ಕಡೆಯವ್ರು ಕೇಳ್ತಿರ್ತಾರೆ, ಅದು ಇಮಾಟಿನಿಬ್, ಲಪಾಟಿನಿಬ್ ಅಂಥ ಬೇರೆ ಕ್ಯಾನ್ಸರ್ ಮಾತ್ರೆಗಳಿಗೆ ನಿಜ, ಕ್ಯಾಪೆಸಿಟಬಿನ್‌ಗೆ ಆ ಕಟ್ಟು ಇಲ್ಲ.

ಭೇದಿ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಈ ಮಾತ್ರೇಲಿ ಜನ ಹಾಸಿಗೆ ಹಿಡಿಯೋದು ಹೆಚ್ಚಾಗಿ ಇದರಿಂದ. ಶ್ರೀನಿವಾಸಪುರದ ಕಡೆಯ ಒಬ್ರು ಹಿರಿಯರು, ಮಾವಿನ ಕಾಲ, ತೋಟದ ಹಣ್ಣು ತಿಂದಿದ್ದಕ್ಕೇ ಹೊಟ್ಟೆ ಕೆಟ್ಟಿದೆ ಅಂತ ನಾಲ್ಕು ದಿನ ಸುಮ್ನಿದ್ರು, ಆ ನಾಲ್ಕು ದಿನಾನೂ ಮಾತ್ರೆ ಮಾತ್ರ ಬಿಡ್ಲಿಲ್ಲ, ಕೋರ್ಸು ಅರ್ಧಕ್ಕೆ ನಿಲ್ಲಿಸ್ಬಾರ್ದು ಅಂತ ಆಂಟಿಬಯಾಟಿಕ್‌ಗೆ ಹೇಳಿದ ಮಾತು ತಲೇಲಿ ಕೂತಿತ್ತು. ಐದನೇ ದಿನ ಕರ್ಕೊಂಡು ಬಂದಾಗ ಮಗನ ಹೆಗಲ ಮೇಲೆ ಬಿದ್ದಿದ್ರು, ನಾಲಗೆ ಒಣಗಿದ ಎಲೆ ಥರ ಆಗಿತ್ತು, ಎರಡು ದಿನದಿಂದ ಮೂತ್ರ ಸರಿಯಾಗಿ ಹೋಗಿರ್ಲಿಲ್ಲ, ಕಿಡ್ನಿ ರಿಪೋರ್ಟ್ ಕೆಟ್ಟಿತ್ತು. ಉಳ್ಕೊಂಡ್ರು, ಆದ್ರೆ ಮೂರು ವಾರ ಆಸ್ಪತ್ರೇಲಿ. ಕಿಡ್ನಿ ಕುಂಟಿದ್ರೆ ಈ ಔಷಧಿ ಹೊರಗೆ ಹೋಗೋದೂ ನಿಧಾನ, ಆಗ ಒಳಗಿರೋದೇ ಇನ್ನಷ್ಟು ಹೊಡೆಯುತ್ತೆ, ಸುಳಿ ಥರ.

ಹಂಗಾಗಿ ಕೀಮೋ ಮಾತ್ರೆಗೆ ನಿಯಮ ಬೇರೆ. ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಜಾಸ್ತಿ ಭೇದಿ ಆದ್ರೆ, ಅಥವಾ ರಾತ್ರಿ ನಿದ್ದೆಯಿಂದ ಎದ್ದು ಹೋಗೋಹಂಗಾದ್ರೆ, ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಕೇಳಿ ನಿಲ್ಲಿಸೋದಲ್ಲ, ನಿಲ್ಲಿಸಿ ಕೇಳೋದು. ಎರಡು ಹೊತ್ತು ತಪ್ಪಿದ್ರೆ ಕ್ಯಾನ್ಸರ್ ಗೆಲ್ಲಲ್ಲ, ಎರಡು ಹೊತ್ತು ಜಾಸ್ತಿ ಹೋದ್ರೆ ಮಾತ್ರ ಕರುಳು ಸೋಲಬಹುದು. ನಿಮ್ಮ ಅತ್ತೆ ಮಾಮೂಲಿ ದಿನಕ್ಕೊಂದು ಸಲ ಹೋಗೋರಾದ್ರೆ ಐದಾರು ಅಂದ್ರೆ ಲೆಕ್ಕ ಅಲ್ಲಿಗೇ ಬಂತು, ರಾತ್ರಿ ಎದ್ದಿದ್ದು ಎರಡನೇ ಗಂಟೆ. ಹಲಸಿನ ಹಣ್ಣು ತಿಂದಿರ್ಬಹುದು, ಇಲ್ಲ ಅನ್ನಲ್ಲ, ಆದ್ರೆ ಮಾತ್ರೆ ನಡೀತಿರುವಾಗ ಹಣ್ಣಿನ ಮೇಲೆ ತಪ್ಪು ಹೊರಿಸೋ ಹಕ್ಕು ನಮಗಿಲ್ಲ. ಓಆರ್‌ಎಸ್ ಪ್ಯಾಕೆಟ್ ಮನೇಲಿ ಯಾವಾಗ್ಲೂ ನಾಲ್ಕು ಇರ್ಲಿ, ಒಂದು ಪ್ಯಾಕೆಟ್‌ಗೆ ಒಂದು ಲೀಟರ್ ನೀರು, ಗುಟುಕು ಗುಟುಕಾಗಿ. ಭೇದಿ ಕಟ್ಟೋ ಲೋಪೆರಮೈಡ್ ಮಾತ್ರೆ ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ರೆ ಅವ್ರು ಹೇಳಿದಂಗೆ ಕೊಡಿ, ಜ್ವರ ಇದ್ರೆ ಅಥವಾ ರಕ್ತ ಬೀಳ್ತಿದ್ರೆ ಕೊಡ್ಬೇಡಿ.

ಹಂಗೇ ತಕ್ಷಣ ನಿಲ್ಲಿಸಿ ಓಡ್ಬೇಕಾದ್ದು ಇನ್ನೂ ಇದೆ. ಜ್ವರ 100.4 ಡಿಗ್ರಿ ದಾಟಿದ್ರೆ ಕಾಯಬೇಡಿ, ಬಿಳಿ ರಕ್ತಕಣ ಕಮ್ಮಿ ಇರೋ ಸಮಯದಲ್ಲಿ ಸೋಂಕು ಒಂದೇ ರಾತ್ರೀಲಿ ಕೆಡಿಸುತ್ತೆ. ಥರ್ಮಾಮೀಟರ್ ಇಡದೆ ಜ್ವರದ ಮಾತ್ರೆ ಕೊಟ್ರೆ ಜ್ವರ ಮುಚ್ಚಿಹೋಗುತ್ತೆ, ಸೋಂಕು ಹೋಗಲ್ಲ. ಎದೆನೋವು ಬಂದ್ರೆ, ಅದೂ ಮಾತ್ರೆ ಶುರುವಾದ ಮೊದಲ ದಿನಗಳಲ್ಲಿ, ಗ್ಯಾಸ್ ಅಂತ ಸುಮ್ನಿರ್ಬೇಡಿ, ಈ ಔಷಧಿ ಕೆಲವರಲ್ಲಿ ಹೃದಯದ ರಕ್ತನಾಳ ಹಿಂಡುತ್ತೆ. ಬಾಯಿಹುಣ್ಣು ಎಷ್ಟು ಅಂದ್ರೆ ಗಂಜಿನೂ ಇಳೀತಿಲ್ಲ ಅನ್ನೋಹಂಗಾದ್ರೂ ಅಷ್ಟೇ. ರಾತ್ರಿ ಆದ್ರೆ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆನೋ ಜಿಲ್ಲಾಸ್ಪತ್ರೆನೋ ಹತ್ರ ಇರೋದಕ್ಕೆ ಹೋಗಿ, ಬೆಂಗಳೂರಿಗೇ ಹೋಗ್ಬೇಕು ಅಂತ ಬೆಳಗಾಗೋವರೆಗೂ ಕಾಯೋದು ಬೇಡ. ಹೋದ ತಕ್ಷಣ "ಕೀಮೋ ಮಾತ್ರೆ ತಗೊಳ್ತಿದಾರೆ" ಅನ್ನೋದು ಮೊದಲ ಮಾತಾಗಿರ್ಲಿ, ಫೈಲ್ ಕೈಲಿರ್ಲಿ.

ಮೊದಲ ಸುತ್ತಲ್ಲೇ, ಅದೂ ಶುರುವಾದ ಕೆಲವೇ ದಿನಕ್ಕೆ ಹೀಗೆಲ್ಲ ಜೋರಾಗಿ ಆಗೋ ಕೆಲವ್ರು ಇರ್ತಾರೆ, ಅವ್ರ ದೇಹದಲ್ಲಿ ಈ ಔಷಧೀನ ಒಡೆಯೋ ಡಿಪಿಡಿ ಅನ್ನೋ ಕಿಣ್ವ ಹುಟ್ಟಿನಿಂದ್ಲೇ ಕಮ್ಮಿ. ಮಾತ್ರೆ ಶುರು ಮಾಡೋಕೆ ಮುಂಚೆ ಇದರ ಟೆಸ್ಟ್ ಮಾಡಿ ಅಂತ ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಹೇಳಿದೆ. ನಿಮ್ಮ ಅತ್ತೆಗೆ ಶುರುವಾಗಿದ್ದು ಹನ್ನೆರಡನೇ ದಿನದ ಹೊತ್ತಿಗೆ, ಕೆಂಪು ಮಾತ್ರೆನೂ ನಡುವೆ ಇತ್ತು, ಆದ್ರೂ ಮುಂದಿನ ಸುತ್ತಿಗೆ ಮುಂಚೆ ಆ ಟೆಸ್ಟ್ ಬೇಕಾ ಅಂತ ಒಂದು ಮಾತು ಕೇಳಿ.

ಈಗ ನಿಮ್ಮ ವಿಷಯ, ಬಸುರಿ ಹೆಂಗಸು ಮುಟ್ಬಹುದಾ ಅನ್ನೋದು. ಪಕ್ಕದ್ಮನೆಯವ್ರು ಹೇಳಿದ್ದರಲ್ಲಿ ಇದೊಂದು ನಿಜ. ಗರ್ಭಿಣಿಯರು, ಹಾಲು ಕುಡಿಸೋರು ಕೀಮೋ ಮಾತ್ರೆ ಕೈಲಿ ಹಿಡಿಯದೇ ಇರೋದು ಒಳ್ಳೇದು, ಈ ಕೆಲಸ ಇನ್ಮೇಲೆ ನಿಮ್ಮ ಯಜಮಾನ್ರದ್ದು, ಅಥವಾ ಅತ್ತೆ ತಾವೇ ಶೀಟಿಂದ ನೇರ ಅಂಗೈಗೆ ಒತ್ಕೊಂಡು ನುಂಗಿ ಕೈ ತೊಳೀಲಿ, ಅದೇ ಎಲ್ಲಕ್ಕಿಂತ ಸುಲಭ. ಬೇರೆಯವ್ರು ಕೊಡೋದಾದ್ರೆ ಗ್ಲೌಸ್ ಹಾಕಿ, ಇಲ್ಲಾಂದ್ರೆ ಶೀಟಿಂದ ನೇರ ಸಣ್ಣ ಬಟ್ಟಲಿಗೆ ಹಾಕಿ ಕೊಟ್ಟು ಸೋಪಲ್ಲಿ ಕೈ ತೊಳೀರಿ. ಮೇಲಿನ ಕೋಟಿಂಗ್ ಒಡೀದೆ ಇರೋ ಮಾತ್ರೆ ಒಂದೆರಡು ಸಲ ಮುಟ್ಟಿದ್ದಕ್ಕೆ ನಿದ್ದೆ ಕೆಡಿಸ್ಕೋಬೇಡಿ. ಕುಟ್ಟಿದ್ದು ಮಾತ್ರ ಆಗ್ಬಾರ್ದಿತ್ತು. ಕೋಟಿಂಗ್ ಗಟ್ಟಿಯಾಗಿದ್ರೆ ಪುಡಿ ಹಾರಲ್ಲ, ಕುಟ್ಟಿದಾಗ ಆ ಧೂಳು ಮೂಗಿಗೆ, ಕೈಗೆ, ಒರಳಿಗೆ ಎಲ್ಲಾ ಕಡೆ ಹೋಗುತ್ತೆ. ನಾಲ್ಕು ದಿನದ್ದು ಎಷ್ಟು ನಿಮ್ಮ ಮೈಗೆ ಸೇರಿರ್ಬಹುದು ಅಂತ ಅಳೆಯೋ ಟೆಸ್ಟ್ ಹಳ್ಳೀಲೂ ಇಲ್ಲ ಪೇಟೇಲೂ ಇಲ್ಲ. ನಿಮ್ಮನ್ನ ನೋಡೋ ಡಾಕ್ಟರಮ್ಮನಿಗೆ ಯಾವ ದಿನ, ಎಷ್ಟು ದಿನ ಅಂತ ಹೇಳ್ಬಿಡಿ, 18ರಿಂದ 20 ವಾರಕ್ಕೆ ಮಗುವಿನ ಅಂಗಾಂಗ ನೋಡೋ ಸ್ಕ್ಯಾನ್ ಹೆಂಗೂ ಇರುತ್ತೆ, ಅದನ್ನ ತಪ್ಪಿಸ್ದೆ ಮಾಡಿಸಿ. ಆ ಕುಟ್ಟಾಣಿ ಒರಳು ಮತ್ತೆ ಅಡುಗೆಗೆ ಬೇಡ, ಗ್ಲೌಸ್ ಹಾಕ್ಕೊಂಡು ಯಜಮಾನ್ರೇ ಅದನ್ನ ತೆಗೆದು ಆಚೆ ಇಡ್ಲಿ.

ಕಕ್ಕಸ್ಸು ಒಂದೇ ಇದ್ರೂ ಪರವಾಗಿಲ್ಲ. ಮಾತ್ರೆ, ಡ್ರಿಪ್ ಎರಡೂ ಮಲ ಮೂತ್ರದಲ್ಲಿ ಹೊರಗೆ ಹೋಗೋದು, ಕಡೇ ಮಾತ್ರೆ ಆಗಿ ಎರಡು ದಿನದವರೆಗೂ ಹುಷಾರು, ಅಂದ್ರೆ 21ರಲ್ಲಿ 16 ದಿನ. ಅತ್ತೆ ಹೋಗಿ ಬಂದ್ಮೇಲೆ ಎರಡು ಸಲ ಧಾರಾಳವಾಗಿ ನೀರು ಹುಯ್ಯಲಿ, ಕೈ ಸೋಪಲ್ಲಿ ತೊಳೀಲಿ. ವಾಂತಿ, ಭೇದಿ ಆದ ಬಟ್ಟೆ ನೀವು ಮುಟ್ಬೇಡಿ, ಗ್ಲೌಸ್ ಹಾಕಿ ಯಜಮಾನ್ರು ಬೇರೆಯಾಗಿ ತೊಳೀಲಿ. ಅಷ್ಟೇ. ತಟ್ಟೆ ಲೋಟ ಬೇರೆ ಇಡೋದು ಬೇಕಿಲ್ಲ, ಎಲ್ಲರದ್ದರ ಜೊತೆ ತೊಳೀರಿ. ಮಗು ಅಜ್ಜಿ ತೊಡೆ ಮೇಲೆ ಕೂರ್ಲಿ, ಪಕ್ಕ ಮಲಗ್ಲಿ. ಕ್ಯಾನ್ಸರ್ ಅಂಟಲ್ಲ, ಅಪ್ಪಿಕೊಂಡ್ರೆ ಕೀಮೋನೂ ಅಂಟಲ್ಲ. ನಿಜ ಹೇಳ್ಬೇಕಂದ್ರೆ ಇಲ್ಲಿ ಅಪಾಯ ಇರೋದು ಅಜ್ಜಿಯಿಂದ ಮೊಮ್ಮಗೂಗೆ ಅಲ್ಲ, ಮೂಗು ಸೋರಿಸ್ಕೊಂಡು ಅಂಗನವಾಡಿಯಿಂದ ಬರೋ ಮೊಮ್ಮಗುವಿಂದ ಅಜ್ಜಿಗೆ. ಇನ್ನೊಂದು, ಮಾತ್ರೆ ತಿಳಿ ಗುಲಾಬಿ ಬಣ್ಣ, ಮಗು ಕಣ್ಣಿಗೆ ಪೆಪ್ಪರ್‌ಮೆಂಟು. ಒಲೆ ಮೇಲಿನ ಗೂಡಲ್ಲಿ ಬೇಡ ಅಲ್ಲಿ ಬಿಸಿ, ಫ್ರಿಡ್ಜಲ್ಲೂ ಬೇಡ, ಬೀರುವಿನಲ್ಲಿ ಮೇಲೆ ಬೀಗ ಹಾಕಿ ಇಡಿ, ನಿಮ್ಮ ಕೆಂಪು ಮಾತ್ರೆ ಡಬ್ಬಿ ಬೇರೆ ಕೋಣೇಲಿರ್ಲಿ.

ಅತ್ತೆಯ ಕೈ ಕಾಲು ದಿನಾ ನೋಡಿ. ಎರಡು ಮೂರು ಸುತ್ತಾದ್ಮೇಲೆ ಅಂಗೈ ಅಂಗಾಲು ಕೆಂಪಾಗಿ ಉರಿ ಬಂದು ಸಿಪ್ಪೆ ಸುಲಿಯೋದು ಇದರಲ್ಲಿ ತುಂಬಾ ಸಾಮಾನ್ಯ. ರೇಷ್ಮೆ ಮನೆಗಳಲ್ಲಿ ಇದು ಜಾಸ್ತಿ ಕಾಡುತ್ತೆ, ಹಿಪ್ಪುನೇರಳೆ ಕಡ್ಡಿ ಕೊಯ್ಯೋ ಕುಡುಗೋಲಿನ ಒತ್ತಡ, ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಂಕಿ ಹೊರೋದು, ಹುಳ ಮನೆಗೆ ಬ್ಲೀಚಿಂಗ್ ಪೌಡರ್ ಸುಣ್ಣ ಹಾಕೋದು, ಇದೆಲ್ಲ ಆ ಚರ್ಮಕ್ಕೆ ಶತ್ರು. ಕುದಿಯೋ ನೀರಿನ ಬೇಸಿನ್ ಮುಂದೆ ಕೂತು ನೂಲು ಬಿಚ್ಚೋ ಒಬ್ಬ ಹೆಣ್ಣುಮಗಳು ನನ್ನ ಹತ್ರ ಬಂದಾಗ ಬೆರಳ ತುದಿ ಒಡೆದು ಎಳೆ ಹಿಡಿಯೋಕಾಗ್ತಿರ್ಲಿಲ್ಲ, ಆದ್ರೂ ಕೆಲಸ ಬಿಟ್ಟಿರ್ಲಿಲ್ಲ. ಅತಿ ಬಿಸಿ ನೀರು ಬೇಡ, ಜೊತೆಗೆ ಹಾಕೋ ಡ್ರಿಪ್ ಆಕ್ಸಾಲಿಪ್ಲಾಟಿನ್ ಆಗಿದ್ರೆ ತಣ್ಣೀರು ಮುಟ್ಟಿದ್ರೂ ಜುಂ ಅನ್ನುತ್ತೆ, ಹಂಗಾಗಿ ಉಗುರುಬೆಚ್ಚಗಿನದೇ ಗತಿ. ಯೂರಿಯಾ ಇರೋ ಕ್ರೀಮ್ ಮೊದಲ ದಿನದಿಂದ್ಲೇ ಹಚ್ಚಿ. ಮಂಡಿನೋವಿಗೆ ಹಚ್ಚೋ ಡೈಕ್ಲೋಫಿನಾಕ್ ಜೆಲ್ ಇದೆಯಲ್ಲ, ದಿಲ್ಲಿ ಏಮ್ಸ್‌ನಲ್ಲಿ ಕ್ಯಾಪೆಸಿಟಬಿನ್ ತಗೊಳ್ತಿದ್ದ 264 ಜನರಲ್ಲಿ ಅರ್ಧದಷ್ಟು ಜನರ ಕೈಗೆ ಅದನ್ನ ದಿನಕ್ಕೆರಡು ಸಲ ಹಚ್ಚಿ ನೋಡಿದ್ರು, 2024ರಲ್ಲಿ ಪ್ರಕಟ ಆಯ್ತು, ಕೈ ಕಾಲಿನ ತೊಂದರೆ ಜೋರಾಗಿದ್ದು ನೂರಕ್ಕೆ 15ರಿಂದ ಸುಮಾರು 4ಕ್ಕೆ ಇಳೀತು. ಅಗ್ಗದ ಜೆಲ್, ನಮ್ಮ ದೇಶದ್ದೇ ಸ್ಟಡಿ, ನಂಗೆ ಇದು ತುಂಬಾ ಖುಷಿ ಕೊಟ್ಟ ಸುದ್ದಿ. ಡಾಕ್ಟರನ್ನ ಕೇಳಿ ಹಚ್ಚಿ, ಒಡೆದ ಚರ್ಮಕ್ಕೆ ಬೇಡ. ತಂಪು ಅಂತ ಗೋರಂಟಿ ಹಚ್ತಾರೆ, ನನ್ನ ತಕರಾರು ಒಂದೇ, ಆ ಬಣ್ಣದಲ್ಲಿ ಚರ್ಮ ಕೆಂಪಾಗಿದ್ದು ಕಾಣಲ್ಲ. ಬೆರಳಚ್ಚೂ ಅಳಿಸಿ ಹೋಗ್ಬಹುದು, ರೇಷನ್ ಅಂಗಡೀಲಿ ಅತ್ತೆ ಹೆಬ್ಬೆಟ್ಟು ತಗೊಳ್ತಿಲ್ಲ ಅಂತ ಗಾಬರಿಯಾಗ್ಬೇಡಿ, ಕಾರ್ಡಲ್ಲಿ ಹೆಸರಿರೋ ಬೇರೆಯವ್ರು ಹೋಗಿ ಒತ್ತಿ ಬನ್ನಿ.

ಮುಂದೆ ಏನು ದಾರಿ ಅಂದ್ರೆ, ಒಂದು, ಭೇದಿ ಪೂರ್ತಿ ನಿಂತು ರಕ್ತ, ಕಿಡ್ನಿ ರಿಪೋರ್ಟ್ ಸರಿ ಬಂದ್ಮೇಲೆ ಅದೇ ಮಾತ್ರೆ, ಡೋಸ್ ಅದೇ ಇಡ್ಬಹುದು ಇಲ್ಲಾ ಇಳಿಸ್ಬಹುದು. ಡೋಸ್ ಇಳಿಸಿದ್ರೆ ಔಷಧಿ ಕೆಲಸ ಮಾಡಲ್ಲ ಅಂತ ಮನೆಯವ್ರು ಬೇಜಾರಾಗ್ತಾರೆ, ಹಂಗೇನಿಲ್ಲ, ತಡ್ಕೊಳ್ಳೋಕಾಗದೆ ಅರ್ಧಕ್ಕೆ ಬಿಟ್ಟುಹೋಗೋದಕ್ಕಿಂತ ತಡ್ಕೊಳ್ಳೋ ಡೋಸಲ್ಲಿ ಪೂರ್ತಿ ಮುಗಿಸೋದು ಒಳ್ಳೇದು. ಎರಡು, ನುಂಗೋಕೆ ಆಗೋದೇ ಇಲ್ಲ ಅಂದ್ರೆ ಮಾತ್ರೆ ಬಿಟ್ಟು ಫೈವ್ ಎಫ್‌ಯು ಪಂಪ್, ಎರಡು ವಾರಕ್ಕೊಂದು ಸಲ ಸುಮಾರು 46 ಗಂಟೆ ನಿಧಾನಕ್ಕೆ ಹರಿಯೋದು, ಅದಕ್ಕೆ ಎದೇಲೋ ತೋಳಲ್ಲೋ ಒಂದು ಲೈನ್, ಅಂದ್ರೆ ರಕ್ತನಾಳಕ್ಕೆ ಔಷಧಿ ಹೋಗೋ ಸಣ್ಣ ನಳಿಕೆ ಹಾಕ್ಬೇಕು. ಅಂಗೈ ಅಂಗಾಲಿನ ಕಾಟ ಕಮ್ಮಿ, ಆದ್ರೆ ಲೈನ್‌ಗೆ ಸೋಂಕು, ರಕ್ತ ಹೆಪ್ಪುಗಟ್ಟೋ ಭಯ, ಬಸ್ ಚಾರ್ಜು, ಕೂಲಿ ಹೋಗೋದು ಎಲ್ಲಾ ಲೆಕ್ಕ ಹಾಕಿ. ಡಿಪಿಡಿ ಕಮ್ಮಿ ಇರೋರಿಗೆ ಪಂಪಿಗೆ ಬದಲಾಯಿಸಿದ್ರೂ ಪ್ರಯೋಜನ ಇಲ್ಲ, ಔಷಧಿ ಅದೇ. ಮೂರು, ಸಾಕಪ್ಪಾ ಅಂತ ನಿಲ್ಲಿಸೋದು. ಆಪರೇಷನ್ ಆದ್ಮೇಲೆ ಕೊಡೋ ಕೀಮೋ ಗಡ್ಡೆ ಮತ್ತೆ ಬರೋ ಅಪಾಯ ಕಮ್ಮಿ ಮಾಡೋಕೆ, ಬಿಟ್ರೆ ಆ ಲಾಭ ಹೋಗುತ್ತೆ, ಎಷ್ಟು ಹೋಗುತ್ತೆ ಅಂತ ಅವ್ರ ಗಡ್ಡೆ ಯಾವ ಹಂತದಲ್ಲಿತ್ತು ಅನ್ನೋದರ ಮೇಲೆ, ಅದನ್ನ ಅವ್ರ ಡಾಕ್ಟರ್ ಬಾಯಿಂದ್ಲೇ ಕೇಳಿ ಅತ್ತೆನೇ ತೀರ್ಮಾನ ಮಾಡ್ಲಿ.

ನನ್ನನ್ನ ಕೇಳಿದ್ರೆ ಒಂದನೇದಕ್ಕೇ ಒಂದು ಅವಕಾಶ ಕೊಟ್ಟು ನೋಡಿ. ನುಂಗೋಕೆ ಕಷ್ಟ ಅಂದ್ರೆ ಮೂರೂ ಒಟ್ಟಿಗೆ ಬಾಯಿಗೆ ಹಾಕೋದು ಬೇಡ, ಒಂದೊಂದೇ, ಗದ್ದ ಸ್ವಲ್ಪ ಎದೆ ಕಡೆ ತಗ್ಗಿಸಿ, ಮೊದಲು ಒಂದು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡ್ಕೊಂಡು. ತಲೆ ಹಿಂದಕ್ಕೆ ಎತ್ತಿ ನುಂಗೋ ಅಭ್ಯಾಸ ಇದ್ರೆ ಅದೇ ಸಿಕ್ಕಿಹಾಕಿಸೋದು. ಆಗ್ಲೂ ಆಗ್ದಿದ್ರೆ ನೀರಲ್ಲಿ ಕರಗಿಸಿ ಕೊಡೋ ಕ್ರಮ ಕೆಲವು ಕಡೆ ಹೇಳಿಕೊಡ್ತಾರೆ, ಅದನ್ನ ಆಸ್ಪತ್ರೇಲಿ ನೋಡಿ ಕಲಿತು ಯಜಮಾನ್ರು ಮಾಡ್ಲಿ, ನೀವು ಆ ಕೋಣೇಲಿ ಇರ್ಬೇಡಿ.

ಕೊನೇದಾಗಿ ಆ 12 ಮಾತ್ರೆ. ತಿಪ್ಪೆಗೆ ಬೇಡ, ಹಂಡೆ ಒಲೆಗೆ ಹಾಕಿ ಸುಡೋದಂತೂ ಬೇಡವೇ ಬೇಡ, ಹೊಗೆ ಕುಡಿಯೋರು ನೀವೇ. ಶೀಟಲ್ಲೇ ಇದಾವೆ, ಹಂಗೇ ಕವರಿಗೆ ಹಾಕಿ ಮುಂದಿನ ಡ್ರಿಪ್ ದಿನ ತಗೊಂಡ್ಹೋಗಿ ಫಾರ್ಮಸಿ ಕಿಟಕೀಲಿ ಇಡಿ, ಡೋಸ್ ಅದೇ ಮುಂದುವರಿಸಿದ್ರೆ ಮುಂದಿನ ಸುತ್ತಿಗೆ ಲೆಕ್ಕ ಹಿಡೀತಾರೆ. 84ರಲ್ಲಿ 12 ಕಳೆದ್ರೆ 72, ಏಳು ಶೀಟ್ ಸಾಲಲ್ಲ, ಎಂಟು ಶೀಟ್ ಕೊಟ್ರೆ ಮತ್ತೆ 8 ಉಳಿಯುತ್ತೆ. ಆ ಎಂಟನ್ನೂ ಹಿಂಗೇ ವಾಪಸ್ ತಂದುಬಿಡಿ.